ಗೋಡೆಗೆ ಮುಗಿದ ನಲವತ್ತಡಿ ರಸ್ತೆ

ಹೋದ ತಿಂಗಳು ಕಂಪ್ಲಿ ರಸ್ತೆಯಲ್ಲಿ ಒಂದು ಹೊಸ ಬಡಾವಣೆಯ ಉದ್ಘಾಟನೆಗೆ ಹೋಗಿದ್ದೆ. ತಂಗಿ ಅಲ್ಲೊಂದು ಸೈಟು ನೋಡಿಟ್ಟಿದ್ದಳು, ನೀನೂ ಬಾ ಅಂತ ಎಳೆದುಕೊಂಡು ಹೋದಳು. ಮೊನ್ನೆ ಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದ ನೆಲದ ಮೇಲೆ ಶಾಮಿಯಾನ, ಮೈಕು, ಬಂದವರಿಗೆಲ್ಲ ಊಟ. ತಟ್ಟೆ ಕೈಗೆ ಬಂದಾಗ ರೊಟ್ಟಿಯ ಮಗ್ಗುಲಿಗಿದ್ದ ಗುರೆಳ್ಳು ಚಟ್ನಿಯ ವಾಸನೆ ಮೂಗಿಗೆ ಬಡಿಯಿತು. ಎಣ್ಣೆ ಹಾಕದೆ ಹುರಿದು, ಬೆಳ್ಳುಳ್ಳಿ ಜಾಸ್ತಿ ಹಾಕಿ ಕುಟ್ಟಿದ್ದು. ಆ ವಾಸನೆಯ ಹಿಂದೆಯೇ ಒಬ್ಬ ಹೆಂಗಸಿನ ದೊಡ್ಡ ಗಂಟಲು ಕೇಳಿಸಿದ ಹಾಗಾಯಿತು... ನನಗೆ ಅನ್ನ ಸೇರಲಿಲ್ಲ.

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಖಾನಾವಳಿ ಅಕ್ಕ ಅನ್ನುತ್ತಿದ್ದರು. ನಾನಾಗ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಹೊಸಪೇಟೆಯ ಹೊರಗೆ, ಹೆದ್ದಾರಿಯ ಮಗ್ಗುಲಿಗೆ ಆಗಷ್ಟೇ ಎದ್ದಿದ್ದ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸುತ್ತಿದ್ದೆವು. ನಮ್ಮ ಎದುರಿಗೆ, ಬೀದಿಯ ಕಟ್ಟಕಡೆಯ ಮೂಲೆ ಸೈಟು ಆಕೆಯದು. ಗಂಡ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರ, ಬಾಯಿ ಸತ್ತ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದಳು. ನಮ್ಮ ಪರಿಚಯ ಆದದ್ದೇ ಜಗಳದಲ್ಲಿ. ನಮ್ಮ ಹೊಸ ಗೋಡೆಗೆ ಹೊಡೆದ ನೀರು ಹರಿದು ಅವರ ಮರಳಿನ ಗುಡ್ಡೆ ಕೊಚ್ಚಿ ಹೋಗಿತ್ತು. ಬೀದಿಗೆಲ್ಲ ಕೇಳುವ ಹಾಗೆ ನನ್ನ ಮರ್ಯಾದೆ ಕಳೆದಳು. ಮಾರನೆಯ ದಿನ ಬೆಳಿಗ್ಗೆ ಒಂದು ಡಬ್ಬಿ ಗುರೆಳ್ಳು ಚಟ್ನಿ ಹಿಡಿದು ಬಂದು, "ತಿನ್ರಿ ಟೀಚರ್ರ, ನಿನ್ನೆ ಬಾಯಿ ಭಾಳ ಆತು" ಅಂದಳು. ಕ್ಷಮಿಸಿ ಅಂತೇನೂ ಅನ್ನಲಿಲ್ಲ.

ಆ ಮೂಲೆ ಸೈಟನ್ನೇ ಆಕೆ ಹಟ ಹಿಡಿದು ಕೊಂಡಿದ್ದಳು, ತವರಿನವರು ಹಾಕಿದ ಬಂಗಾರ ಮಾರಿ. ಅದಕ್ಕೆ ಕಾರಣವಿತ್ತು. ಬಡಾವಣೆಯ ಬಾಗಿಲಲ್ಲಿ ಬಣ್ಣಬಣ್ಣದ ನಕ್ಷೆಯ ದೊಡ್ಡ ಬೋರ್ಡು ನಿಲ್ಲಿಸಿದ್ದರು. ಅದರಲ್ಲಿ ನಮ್ಮ ಬೀದಿ ನಲವತ್ತಡಿ ರಸ್ತೆ. ಆಕೆಯ ಸೈಟನ್ನು ದಾಟಿ, ಪಕ್ಕದ ಖಾಲಿ ಜಮೀನನ್ನು ಸೀಳಿಕೊಂಡು, ನೇರ ಬೈಪಾಸಿಗೆ ಹೋಗಿ ಕೂಡುತ್ತಿತ್ತು. ಬೈಪಾಸಿನಲ್ಲಿ ಕಾರ್ಖಾನೆಯ ಬಸ್ಸು ನಿಲ್ಲುವ ಜಾಗ. ಶಿಫ್ಟು ಮುಗಿಸಿ ಇಳಿಯುವ ಹುಡುಗರೆಲ್ಲ ಈ ರಸ್ತೆಯಲ್ಲೇ ಊರೊಳಗೆ ಬರಬೇಕು, ಮೂಲೆಯಲ್ಲಿ ತನ್ನ ಖಾನಾವಳಿ ಇರಬೇಕು. ಇಷ್ಟೇ ಆಕೆಯ ಆಸೆ. ಮನೆಯ ಮುಂಕೋಣೆಗೆ ಬೆಂಚು ಹಾಕಿಸಿ, ರಸ್ತೆಯ ಕಡೆಗೆ ಅಗಲವಾದ ಬಾಗಿಲು ಇಡಿಸಿದ್ದಳು.

ಅದು ದುರಾಸೆಯೇನಲ್ಲ, ನಿಯಮವೇ ಇತ್ತು. ಹೊಸ ಬಡಾವಣೆ ಮಾಡುವವರು ರಸ್ತೆ ಇಂತಿಷ್ಟು ಅಗಲ ಬಿಡಬೇಕು, ಅಂಚಿಗೆ ಚರಂಡಿ, ನಡೆಯುವವರಿಗೆ ಜಾಗ, ಗಿಡಕ್ಕೆ ಜಾಗ ಇಡಬೇಕು, ಪಕ್ಕದ ಜಮೀನಿನ ರಸ್ತೆಗೆ ತಮ್ಮ ರಸ್ತೆ ಕೂಡಬೇಕು. ಇದೆಲ್ಲ ಒಪ್ಪಿದ ಮೇಲೆಯೇ ನಕ್ಷೆಗೆ ಮೊಹರು ಬೀಳುವುದು. ಮೊಹರು ಬಿದ್ದಿತ್ತು. ಚರಂಡಿ ಅರ್ಧಕ್ಕೆ ನಿಂತಿತು, ಗಿಡದ ಜಾಗ ಮನೆಗಳ ಮೆಟ್ಟಿಲಿಗೆ ಹೋಯಿತು. ಅಷ್ಟನ್ನೂ ನಾವು ನುಂಗಿಕೊಂಡೆವು. ಆಮೇಲೆ ಪಕ್ಕದ ಜಮೀನಿನಲ್ಲೂ ಬಡಾವಣೆ ಎದ್ದಿತು, ಮಾಲೀಕ ನಮ್ಮ ಬಡಾವಣೆ ಮಾಡಿದ ಮನುಷ್ಯನೇ. ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ನಮ್ಮ ರಸ್ತೆಯ ಕೊನೆಗೆ ಅಡ್ಡಲಾಗಿ ಸೈಜುಗಲ್ಲಿನ ಗೋಡೆ. ಗೋಡೆಯ ಆಚೆ ರಸ್ತೆ ಇರಬೇಕಾದ ಕಡೆ ಸುಣ್ಣದ ಗೆರೆ ಹಾಕಿ ಸೈಟು ಮಾಡಿದ್ದ, ಮಾರಿಯೂ ಆಗಿತ್ತು. ಮೊದಲ ಬಡಾವಣೆಯ ಸೈಟು ಖರ್ಚಾಗಲಿ ಅಂತ ಬೋರ್ಡಿನ ಮೇಲೆ ರಸ್ತೆ ತೋರಿಸಿದ. ಖರ್ಚಾದ ಮೇಲೆ ಆ ರಸ್ತೆಯನ್ನೇ ಮಾರಿಕೊಂಡ!

ಬಸ್ಸು ನಿಲ್ಲುವ ಜಾಗ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿಗೆ ಹೋಗಲು ಮಾತ್ರ ಹೆದ್ದಾರಿಗೆ ಇಳಿದು, ಅದಿರಿನ ಟಿಪ್ಪರುಗಳ ಮಗ್ಗುಲಿಗೇ ನಡೆದು ಸುತ್ತಬೇಕಿತ್ತು. ಸಂಡೂರಿನ ಕಡೆಯಿಂದ ಬರುವ ಆ ಲಾರಿಗಳ ಕೆಂಪು ಧೂಳಿನಲ್ಲಿ ಮಕ್ಕಳು ಕೈ ಕೈ ಹಿಡಿದು ಶಾಲೆಗೆ ಹೋಗುತ್ತಿದ್ದರು. ಅಕ್ಕನ ಬೆಂಚುಗಳು ಖಾಲಿ ಬಿದ್ದವು. ನಕ್ಷೆಗೆ ಮೊಹರು ಹಾಕಿದ ಕಚೇರಿಗೆ ಆಕೆಯ ಜೊತೆ ನಾನೂ ಹೋದೆ, ಒಂದಲ್ಲ, ಹಲವು ಸಲ. ಅಲ್ಲಿನ ಸಾಹೇಬರು ತಪ್ಪು ಅನ್ನಲಿಲ್ಲ, ಸರಿ ಅನ್ನಲಿಲ್ಲ. "ನೋಡೋಣ್ರಿ" ಅನ್ನುತ್ತಿದ್ದರು, ಅಷ್ಟೇ.

ಅಕ್ಕ ನೋಡುತ್ತ ಕೂಡುವ ಹೆಂಗಸಲ್ಲ. ಒಂದು ಭಾನುವಾರ ಮಟಮಟ ಮಧ್ಯಾಹ್ನ ಗಂಡನನ್ನು ಕರೆದುಕೊಂಡು ಹೋಗಿ, ಗೋಡೆಯಲ್ಲಿ ಒಬ್ಬರು ತೂರುವಷ್ಟು ಜಾಗದ ಕಲ್ಲು ಕಿತ್ತು ಹಾಕಿದಳು. ಆಚೆ, ಸುಣ್ಣದ ಗೆರೆಯ ನಟ್ಟನಡುವೆ ನಾಲ್ಕು ಗಳ ನೆಟ್ಟು ತಾಡಪಾಲು ಕಟ್ಟಿ, ಒಲೆ ಹೂಡಿ ರೊಟ್ಟಿ ಬಡಿಯಲು ಕುಂತಳು. ಬಸ್ಸಿಳಿದ ಹುಡುಗರು ವಾಸನೆ ಹಿಡಿದು ಬಂದರು, ಉಂಡರು, ಗೋಡೆಯ ಸಂದಿಯಲ್ಲಿ ತೂರಿ ಈಚೆ ಬಂದರು. ಅವರ ಹಿಂದೆ ಶಾಲೆಯ ಮಕ್ಕಳು, ಸಂತೆಯ ಚೀಲ ಹೊತ್ತ ಹೆಂಗಸರು. ನೋಡನೋಡುತ್ತ ಅಲ್ಲೊಂದು ದಾರಿ ಬಿತ್ತು. ನಕ್ಷೆಯಲ್ಲಿದ್ದ ರಸ್ತೆ ಆಕೆಯ ಒಲೆಯ ಪಕ್ಕದಲ್ಲಿ ನಿಜವಾಗಿಯೂ ನಡೆಯತೊಡಗಿತ್ತು. ಆಕೆ ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ಕಾಣಲಿಲ್ಲ. ಬಂದುಹೋಗುವವರನ್ನೆಲ್ಲ ಬೈಯುತ್ತಲೇ ಉಣಿಸುತ್ತಿದ್ದಳು...

ಬಡಾವಣೆಯ ಮಾಲೀಕ ಬಿಳಿ ಕಾರಿನಲ್ಲಿ ಬಂದ. ನಾನು ಅಲ್ಲೇ ಇದ್ದೆ.

"ಅಕ್ಕಾ, ಮಂದಿ ಸೈಟಿನಾಗ ಒಲಿ ಹಚ್ಚೀಯಲ್ಲ, ಚೊಲೋ ಕಾಣಂಗಿಲ್ಲ. ತಗದುಬಿಡು" ಅಂದ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ರಸ್ತಾದಾಗ ಕುಂತೀನ್ರಿ ಸಾವಕಾರ್ರ. ಸೈಟು ಇದ್ರ, ನಿಮ್ಮ ಬೋರ್ಡಿನ ಮ್ಯಾಲೆ ರೋಡ್ ಯಾಕ ಬರಸಿದ್ರಿ?"

ಅವನು ಕಾರು ಹತ್ತಿದ. ನಾವೆಲ್ಲ ನಕ್ಕೆವು. ನಗಬಾರದಿತ್ತೇನೋ ಅಂತ ಆಮೇಲೆ ಅನ್ನಿಸಿತು.

ಸ್ವಲ್ಪ ದಿನಕ್ಕೆ ಕಚೇರಿಯ ಅದೇ ಸಾಹೇಬರು ಬಂದರು, ಜೊತೆಗೆ ಟ್ರ್ಯಾಕ್ಟರು, ಪೊಲೀಸರು. ಗೋಡೆ ಒಡೆಯಲು ಕಾಲ ಕೂಡಿ ಬರದ ಕಚೇರಿಗೆ ಒಲೆ ಒಡೆಯಲು ಕೂಡಿ ಬಂದಿತ್ತು. ಕೈಯಲ್ಲಿದ್ದ ನೋಟೀಸು ಓದಿದರು. ಸಾರ್ವಜನಿಕ ರಸ್ತೆಯನ್ನು ಒತ್ತುವರಿ ಮಾಡಿ ವ್ಯಾಪಾರ ನಡೆಸುತ್ತಿದ್ದೀರಿ, ತೆರವು ಮಾಡಬೇಕು.

ಅಕ್ಕ ಎದ್ದು ನಿಂತಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಏನಂದ್ರಿ? ಇನ್ನೊಂದ್ಸಲ ಓದ್ರಿ."

ಅವರು ಓದಿದರು.

"ರಸ್ತಾ ಅಂತ ನಿಮ್ಮ ಬಾಯಾಗ ಬಂತಲ್ರೀ! ಹಂಗಾರ ನಾ ಈಗಿಂದೀಗ ಏಳ್ತೀನಿ. ಮೊದ್ಲು ಆ ಗ್ವಾಡಿ ಕೆಡವ್ರಿ. ಅದೂ ರಸ್ತಾಕ್ಕ ಅಡ್ಡ ಐತಿ."

ಸಾಹೇಬರು ಕಾಗದ ಮಡಚಿ ಜೇಬಿಗಿಟ್ಟರು. ಅವರ ಮುಖದಲ್ಲಿ ನಾಚಿಕೆಯಿತ್ತು ಅಂತ ಬರೆದರೆ ಸುಳ್ಳಾಗುತ್ತದೆ, ಬಿಸಿಲಿಗೆ ಬೇಸರ ಬಂದಿತ್ತು ಅಷ್ಟೇ. ಟ್ರ್ಯಾಕ್ಟರಿನವನಿಗೆ ಕೈ ಮಾಡಿದರು. ಗಳ ಮುರಿದವು. ಸುಡುವ ಹಂಚನ್ನು ಒಬ್ಬ ಸಲಿಕೆಯಿಂದ ಎತ್ತಿ ಎಸೆದ. ಬಡಿದಿಟ್ಟ ರೊಟ್ಟಿಗಳು ಮಣ್ಣುಪಾಲಾದವು. ನಾನು ಅಡ್ಡ ಹೋಗಿ, ಇದು ಯಾವ ನ್ಯಾಯ ಅಂತ ಕೂಗಾಡಿದೆ. "ಮೇಡಂ, ನೀವು ಓದಿದೋರು, ತಿಳಕೊಳ್ರಿ" ಅಂದರು ಸಾಹೇಬರು. ಓದಿದ್ದು ಬಾಯಿ ಮುಚ್ಚಿಕೊಂಡಿರಲಿಕ್ಕೆ ಅಂತ ಅವರ ಲೆಕ್ಕ. ಆ ಮಾತು ಇವತ್ತಿಗೂ ನನ್ನ ಮೈ ಉರಿಸುತ್ತದೆ.

ಅಕ್ಕ ಅಳಲಿಲ್ಲ. ಮಣ್ಣಾದ ರೊಟ್ಟಿಗಳನ್ನು ಒಂದೊಂದೇ ಆರಿಸಿ ಪುಟ್ಟಿಗೆ ಹಾಕಿಕೊಂಡು, ಗೋಡೆಯ ಸಂದಿಯಲ್ಲಿ ತೂರಿ ಈಚೆ ಬಂದಳು. ಅವತ್ತೇ ಸಂಜೆ ಆ ಸಂದಿಯನ್ನು ಸಿಮೆಂಟು ಹಾಕಿ ಮುಚ್ಚಿದರು. ನಾವು ಬೀದಿಯವರೆಲ್ಲ ಸೇರಿ ಮತ್ತೆ ಅರ್ಜಿ ಕೊಟ್ಟೆವು, ಮೇಲಿನವರಿಗೂ ಕೊಟ್ಟೆವು. ಉತ್ತರ ಬರುವಷ್ಟರಲ್ಲಿ ಗೋಡೆಯ ಆಚೆ ಪಾಯ ತೋಡಿ, ಕಂಬ ಎಬ್ಬಿಸಿ, ಸ್ಲ್ಯಾಬು ಹಾಕಿದ್ದರು. ಕಟ್ಟಿದ ಮನೆಯನ್ನು ಕೆಡವಲು ಬರುವುದಿಲ್ಲ ಅನ್ನುವುದು ಉತ್ತರ.

ರಸ್ತೆ ಸತ್ತ ಮೂಲೆಯಲ್ಲಿ ಖಾನಾವಳಿಗೆ ಯಾರು ಬರಬೇಕು? ಆಕೆ ಮನೆ ಮಾರಿದಳು. ಕೊಂಡವನು, ಇದು ರಸ್ತೆಯ ಕೊನೆ, ಗಾಳಿ ಆಡುವುದಿಲ್ಲ ಅಂತ ಚೌಕಾಸಿ ಮಾಡಿದ. ಗಂಡ ಹೆಂಡತಿ ಕಂಪ್ಲಿಗೆ ಹೋದರು. ಅಲ್ಲಿ ಒಂದು ಅಕ್ಕಿ ಗಿರಣಿಯ ಎದುರು ಬಾಡಿಗೆಯ ಕೋಣೆಯಲ್ಲಿ ಹಮಾಲರಿಗೆ ಅಡುಗೆ ಮಾಡುತ್ತಿದ್ದಳು. ಒಮ್ಮೆ ಹುಡುಕಿಕೊಂಡು ಹೋದೆ. ಮೈ ಇಳಿದಿತ್ತು, ಗಂಟಲೂ ಇಳಿದಿತ್ತು. "ಕುಂದ್ರಿ ಟೀಚರ್ರ" ಅಂತ ಕುರ್ಚಿ ಸರಿಸಿ ಬಡಿಸಿದಳು. ನನ್ನ ಮಕ್ಕಳ ಬಗ್ಗೆ, ನಮ್ಮ ನಲ್ಲಿ ನೀರಿನ ಬಗ್ಗೆ ಕೇಳಿದಳು. ನಾನು ಏಳುವಾಗ ಮಾತ್ರ, ಬಗ್ಗಿ ಎಂಜಲು ತೆಗೆಯುತ್ತ, "ಗ್ವಾಡಿ ಹಂಗ ಐತೇನ್ರಿ?" ಅಂದಳು. ಹಂಗೇ ಐತಿ ಅಂದೆ. "ಇರ್ಲಿ ಬಿಡ್ರಿ" ಅಂದಳು. ಬೈಯಲಿಲ್ಲ. ಆಕೆ ಬೈದಿದ್ದರೆ ಅಷ್ಟು ದುಃಖವಾಗುತ್ತಿರಲಿಲ್ಲ ನನಗೆ...

ಆಕೆ ತೀರಿಕೊಂಡ ಸುದ್ದಿ ತಡವಾಗಿ ಗೊತ್ತಾಯಿತು. ಮಣ್ಣಿಗೂ ಹೋಗಲಾಗಲಿಲ್ಲ. ಜ್ವರ ಬಂತು, ಹೋದಳು ಅಂದರು. ಜ್ವರವೇ ಇರಬಹುದು. ನನ್ನ ಮನಸ್ಸು ಮಾತ್ರ ಒಪ್ಪುವುದಿಲ್ಲ.

ಈಗ ನಮ್ಮ ಬೀದಿಯ ಕೊನೆಗೆ ಮೂರಂತಸ್ತಿನ ಮನೆ ಬೆನ್ನು ತಿರುಗಿಸಿ ನಿಂತಿದೆ. ನಿವೃತ್ತಳಾಗಿದ್ದೇನೆ, ಮಂಡಿ ನೋವು, ಆದರೂ ತರಕಾರಿಗೆ ಹೆದ್ದಾರಿ ಸುತ್ತಿಯೇ ಹೋಗುತ್ತೇನೆ. ಟಿಪ್ಪರು ಮಗ್ಗುಲಿಗೆ ಬಂದಾಗಲೆಲ್ಲ ಆ ಮಾಲೀಕನನ್ನು, ಆ ಸಾಹೇಬರನ್ನು ಮನಸ್ಸಿನಲ್ಲಿ ಶಪಿಸುತ್ತೇನೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನ್ನದು ಇಳಿದಿಲ್ಲ, ಇಳಿಯುವುದು ಬೇಡ.

ನಿನ್ನೆ ಒಬ್ಬ ಆಟೋದ ಹುಡುಗ ಬೀದಿಯ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು ನಮ್ಮ ಗೇಟಿನ ಹತ್ತಿರ ನಿಂತ. "ಅಮ್ಮಾ, ಈ ರೋಡು ಬೈಪಾಸಿಗೆ ಹೋಗಂಗಿಲ್ಲೇನ್ರಿ?" ಅಂತ ಕೇಳಿದ.

"ಹೋಗಬೇಕಿತ್ತು!" ಅಂದೆ. ನನ್ನ ದನಿ ಎಷ್ಟು ಏರಿತೆಂದರೆ ಹುಡುಗ ಗಾಬರಿಯಾಗಿ, ತಾನೇನು ತಪ್ಪು ಮಾಡಿದೆ ಅನ್ನುವ ಹಾಗೆ ನನ್ನ ಮುಖ ನೋಡಿದ.