ನಡುಗಡ್ಡೆಯ ಎಡೆ

ದೆವ್ವ, ಪಿತೃ, ಪವಾಡ ಎಂದವರನ್ನು ನಾನು ಎದುರಿಗೇ ಗೇಲಿ ಮಾಡುತ್ತಿದ್ದೆ. ಈಗ ನಂಬಿಬಿಟ್ಟಿದ್ದೇನೆ ಎಂದೇನೂ ಅಲ್ಲ. ಆದರೆ ಭದ್ರಾ ಹಿನ್ನೀರಿನ ಒಂದು ನಡುಗಡ್ಡೆಗೆ ಹೋಗಿ ಬಂದ ಮೇಲೆ ಆ ಗೇಲಿ ನಿಂತಿತು. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ, ಇಸವಿಯಲ್ಲಿ ನೆನಪು ಮೋಸ ಮಾಡುತ್ತದೆ. ವಾಸನೆಯಲ್ಲಿ ಮಾಡುವುದಿಲ್ಲ.

ತರೀಕೆರೆಯಲ್ಲಿ ಗುಮಾಸ್ತನಾಗಿದ್ದ ಗೆಳೆಯ ಚಂದ್ರಪ್ಪನ ಹುಟ್ಟೂರು, ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ, ನೀರಿನಲ್ಲಿ ಮುಳುಗಿತ್ತು. ಅಲ್ಲಿಯ ಗುಡ್ಡಗಳ ನೆತ್ತಿಗಳೇ ಈಗ ನಡುಗಡ್ಡೆಗಳು. ಅವುಗಳಲ್ಲೊಂದರ ಅಂಚಿನಲ್ಲಿ, ಬೇಸಿಗೆಗೆ ನೀರಿಳಿದಾಗ, ಅವರ ಮನೆತನದ ವೀರಗಲ್ಲು ಮೇಲೆದ್ದಿದೆ ಎಂದು ಸುದ್ದಿ ಬಂತು. ಹಿಂದೆ ಆ ಕಲ್ಲಿಗೆ ಉಪ್ಪಿಲ್ಲದ ರಾಗಿಮುದ್ದೆಯ ಎಡೆ ಇಡುತ್ತಿದ್ದರಂತೆ. ಉಪ್ಪು ಬಿದ್ದರೆ ಎಡೆ ಸಲ್ಲದು; ಇಟ್ಟದ್ದನ್ನು ಬಿಟ್ಟು ಬರುವಂತಿಲ್ಲ, ಮನೆಯವರೊಬ್ಬರು ಅಲ್ಲೇ ತಿನ್ನಬೇಕು. ಹಾಸಿಗೆ ಹಿಡಿದಿದ್ದ ಅವನ ತಾಯಿಗೆ ಉಳಿದಿದ್ದದ್ದು ಅದೊಂದೇ ಆಸೆ: ಕಣ್ಣು ಮುಚ್ಚುವ ಮೊದಲು ಒಮ್ಮೆ ಎಡೆ ಸಲ್ಲಬೇಕು. ನನಗೆ ಬೇಕಿದ್ದದ್ದು ಕಲ್ಲಿನ ಫೋಟೊ.

ಹೊರಟ ದಿನ, ಮುದ್ದೆ ಕಟ್ಟಿಕೊಂಡಿದ್ದ ಎಡೆಯ ಡಬ್ಬಿಯನ್ನು ಚಂದ್ರಪ್ಪ ಬಸ್ಸಿನಲ್ಲಿ ಮರೆತ. ನೆನಪಾದಾಗ ಹರಿಗೋಲು ಅರ್ಧ ನೀರು ದಾಟಿತ್ತು. "ಅವ್ವಂಗೆ ಹೇಳ್ಬ್ಯಾಡ ಕಣೋ" ಎಂದ.

"ಮೂಗು ಮುಚ್ಕಳಿ ಸ್ವಾಮಿ, ಹಕ್ಕಿಗಳ ಊರು ಬಂತು" ಎಂದರು ಹರಿಗೋಲಿನ ಕರೀಂ ಸಾಬರು. ನೀರಿಗೆರಗಿ ಮೀನು ಹಿಡಿಯುವ ರೀವಹಕ್ಕಿಗಳು ಸಾವಿರಾರು ಬರಿನೆಲದ ಮೇಲೆ ಮೊಟ್ಟೆಯಿಟ್ಟಿದ್ದವು. ಹಿಕ್ಕೆ, ಕೊಳೆತ ಮೀನು, ಒಡೆದ ಮೊಟ್ಟೆಗಳ ಲೋಳೆ. ಕಾಲಿಟ್ಟಲ್ಲೆಲ್ಲ ಹುಳು. ಹಕ್ಕಿಗಳು ತಲೆಗೆ ಎರಗಿ ಕುಕ್ಕುತ್ತಿದ್ದವು.

ವೀರಗಲ್ಲಿನ ಮುಂದೆ ಮುತ್ತುಗದ ಎಲೆಯಿತ್ತು. ಎಲೆಯ ಮೇಲೆ ಒಂದು ರಾಗಿಮುದ್ದೆ. ಅದರ ಮೇಲೂ ಹಿಕ್ಕೆ ಬಿದ್ದಿತ್ತು, ನೊಣ ಕವಿದಿತ್ತು. ಮುದ್ದೆ ಬಿಸಿಯಾಗಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬಿಸಿಲಿಗೆ ಕಾದಿತ್ತೇನೋ. ಮೀನು ಹಿಡಿಯುವವರು ಬಿಟ್ಟು ಹೋಗಿರಬೇಕು ಎಂದೆ. ಹಕ್ಕಿ ಮೊಟ್ಟೆಯಿಟ್ಟ ಮೇಲೆ ಇಲ್ಲಿಗೆ ಯಾರೂ ಕಾಲಿಡುವುದಿಲ್ಲ ಎಂದರು ಸಾಬರು. ಚಂದ್ರಪ್ಪ ಅದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಕುಕ್ಕರುಗಾಲಲ್ಲಿ ಕೂತು, ನೊಣ ಓಡಿಸಿ, ಮುದ್ದೆ ಮುರಿದು ನುಂಗತೊಡಗಿದ. ನಾನು ನೀರಿನ ಅಂಚಿಗೆ ಓಡಿ ವಾಂತಿ ಮಾಡಿದೆ.

ಅವನು ಕೈ ತೊಳೆಯಲು ಹೋದಾಗ ನಾನೊಂದು ಹೇಸಿಗೆ ಕೆಲಸ ಮಾಡಿದೆ. ಅದು ನಿಜವಾಗಿ ರಾಗಿಯೋ ಅಲ್ಲವೋ ನೋಡಬೇಕೆನಿಸಿ, ಎಲೆಗೆ ಅಂಟಿದ್ದ ಚೂರನ್ನು ಬೆರಳಲ್ಲಿ ತೆಗೆದು ನೆಕ್ಕಿದೆ. ರಾಗಿಯೇ. ಬಾಯಿಗಿಡಲಾರದಷ್ಟು ಉಪ್ಪು. ಯಾರೂ ನೋಡಲಿಲ್ಲ; ಸಾಬರು ಬೆನ್ನು ತಿರುಗಿಸಿ ಹರಿಗೋಲಿನ ನೀರು ಮೊಗೆಯುತ್ತಿದ್ದರು.

ಸಂಜೆ ಚಂದ್ರಪ್ಪ ತಾಯಿಯ ಬಳಿ ಕೂತು, ಎಡೆ ಇಟ್ಟೆವು, ನಾನೇ ತಿಂದೆ ಎಂದ. ಡಬ್ಬಿಯ ಮಾತೆತ್ತಲಿಲ್ಲ. ಮುದುಕಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ನೀನೂ ನಾಲ್ಗೆ ಮ್ಯಾಲೆ ಇಟ್ಕಂಡ್ಯಲ್ಲಪ್ಪ. ಉಪ್ಪು ಬಿದ್ದಿತ್ತಾ?"

ಚಂದ್ರಪ್ಪ ನನ್ನನ್ನೇ ನೋಡುತ್ತಿದ್ದ. ಆ ಘಳಿಗೆಗೆ ಬಾಯಿಗೆ ಬಂದದ್ದನ್ನು ಹೇಳಿದೆ: "ಇಲ್ಲವ್ವ, ಸಪ್ಪೆ ಇತ್ತು."

ಮುದುಕಿ ಸಮಾಧಾನದಿಂದ ಗೋಡೆಯ ಕಡೆ ಹೊರಳಿದಳು. ಚಂದ್ರಪ್ಪ ಏನೂ ಕೇಳಲಿಲ್ಲ. ಅವನ ಬಾಯಿಗೆ ಅದು ಉಪ್ಪಾಗಿತ್ತೋ ಸಪ್ಪೆಯಾಗಿತ್ತೋ, ನಾನೂ ಇವತ್ತಿನವರೆಗೆ ಕೇಳಿಲ್ಲ.