ತುಪ್ಪ ಬಿಟ್ಟ ಬಸವಲಿಂಗಮ್ಮ

ಆ ಚಳಿಗಾಲವೆಲ್ಲ ನನ್ನನ್ನು ಕಾಡಿದ್ದು ಮಗುವಿನ ಕಾಲುಗಳ ಚಿಂತೆ. ಕಾಲಿಗೆ ಏನೂ ಆಗಿರಲಿಲ್ಲ. ಗುಂಡುಗುಂಡಾಗಿದ್ದವು, ತೊಟ್ಟಿಲಿಗೆ ಹಾಸಿದ ಬಟ್ಟೆಯನ್ನು ಒದ್ದು ಒದ್ದು ಕೆಳಗೆ ಕೆಡವುತ್ತಿದ್ದವು. ನೋಡಿದವರೆಲ್ಲ ದೃಷ್ಟಿ ತೆಗಿ ಅನ್ನುತ್ತಿದ್ದರು. ನನ್ನ ಹೆದರಿಕೆ ದೃಷ್ಟಿಯದಲ್ಲ, ನಮ್ಮತ್ತೆ ಬಸವಲಿಂಗಮ್ಮನವರ ಮಾತಿನದು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಬೋರಲು ಹಾಕಿಕೊಂಡು, ತೊಡೆಯಿಂದ ಹಿಮ್ಮಡಿವರೆಗೆ ಹರಳೆಣ್ಣೆ ನೀವುತ್ತ ಅವರು ಹೇಳುತ್ತಿದ್ದರು: "ಇದು ಒದಿಯೋ ಕಾಲು ಕಣವ್ವ ಪ್ರೇಮ. ಯಾರ್ನ ಒದೀಬೇಕು ಅಂತ ನಾ ಏಳ್ಕೊಡ್ತೀನಿ."

ಯಾರನ್ನು ಎಂಬುದು ಹಾಸನದ ಪೇಟೆಗೆಲ್ಲ ಗೊತ್ತಿತ್ತು. ಹೊಳೆನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಕೆಂಪಣ್ಣನನ್ನು. ಅವನು ಸಿಗದಿದ್ದರೆ ಅವನ ಮಗನನ್ನು.

ಬೆಂಗಳೂರಿನಲ್ಲಿ ಹೈಸ್ಕೂಲು ಓದಿ ಈ ಮನೆಗೆ ಬರುವಾಗ, ಅತ್ತೆಯರು ಸೊಸೆಯ ಮೇಲೆ ಹಗೆ ಸಾಧಿಸುತ್ತಾರೆ ಎಂದು ನನ್ನನ್ನು ಹೆದರಿಸಿ ಕಳಿಸಿದ್ದರು. ನಮ್ಮತ್ತೆ ನನ್ನ ಮೇಲೆ ಒಂದು ದಿನವೂ ದನಿ ಎತ್ತಲಿಲ್ಲ. ಅವರಲ್ಲಿದ್ದ ಹಗೆಯೆಲ್ಲ ಫುಟ್‌ಬಾಲಿನ ಮೇಲೆಯೇ ಖರ್ಚಾಗಿಹೋಗುತ್ತಿತ್ತು.

ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿ ಅವರ ತವರು. ತಾಯಿ ಸತ್ತಾಗ ತಮ್ಮ ಗಂಗಾಧರಯ್ಯ ಇನ್ನೂ ಎದೆಹಾಲು ಕುಡಿಯುವ ಕೂಸು. ಮದುವೆಯಾಗಿ ಹಾಸನಕ್ಕೆ ಬಂದಾಗ ಅತ್ತೆ ಸೊಂಟದ ಮೇಲೆ ಆ ತಮ್ಮನನ್ನೂ ಎತ್ತಿಕೊಂಡೇ ಬಂದರಂತೆ. ಕೊಬ್ಬರಿ ಮಂಡಿಯ ಮನೆ, ಉಣ್ಣುವುದಕ್ಕೆ ಕೊರತೆ ಇರಲಿಲ್ಲ. ನಮ್ಮ ಮಾವ ದೊಡ್ಡಯ್ಯನವರು ಬೇಡ ಅನ್ನುವ ಜಾತಿಯವರಲ್ಲ. ಹುಡುಗ ಈ ಮನೆಯಲ್ಲೇ ಬೆಳೆದ, ಇಲ್ಲೇ ಓದಿದ, ಮನೆಯ ಹಿಂದಿನ ಮೈದಾನದಲ್ಲಿ ಚೆಂಡು ಒದ್ದ. ನನ್ನ ಮಗುವಿಗೆ ಹಚ್ಚುತ್ತಿದ್ದ ಹಾಗೆಯೇ ಅವನ ಕಾಲಿಗೂ ಅಕ್ಕ ದಿನಾ ಎಣ್ಣೆ ಹಚ್ಚುತ್ತಿದ್ದರು.

ಇಸವಿ ಮೂವತ್ತೊಂದರ ಹೊತ್ತಿಗೆ ಊರಿನ ಕಾಲೇಜು ತಂಡವೆಂದರೆ ಸುತ್ತಲ ಜಿಲ್ಲೆಗಳಲ್ಲಿ ನಡುಕ. ಗಂಗಾಧರಯ್ಯ ಸೆಂಟರ್ ಫಾರ್ವರ್ಡ್. ಆಟ ಇದ್ದ ದಿನ ಪೇಟೆಯ ಅಂಗಡಿಗಳು ಅರ್ಧ ಬಾಗಿಲು ಹಾಕುತ್ತಿದ್ದವು. ಹೆಂಗಸರು ಮೈದಾನಕ್ಕೆ ಹೋಗುವ ಹಾಗಿರಲಿಲ್ಲ. ಅತ್ತೆ ಕೊಬ್ಬರಿ ಒಣಹಾಕುವ ನೆವದಲ್ಲಿ ಮಾಳಿಗೆ ಹತ್ತಿ, ಇಡೀ ಆಟವನ್ನು ನಿಂತೇ ನೋಡುತ್ತಿದ್ದರು. ಆ ವರ್ಷದ ಕೊನೆಯ ಆಟ ಮೈಸೂರಿನ ಒಂದು ಕಾಲೇಜಿನ ಮೇಲೆ. ಎರಡು ಕಡೆಯವರೂ ಬರಿಗಾಲಲ್ಲಿ ಆಡುವುದೆಂದು ಮಾತಾಗಿತ್ತು. ಆದರೆ ಮೈಸೂರಿನವರ ಪೈಕಿ ಒಬ್ಬ ಬೂಟು ಹಾಕಿಕೊಂಡೇ ಇಳಿದ. ಅಲ್ಲಿ ಓದುತ್ತಿದ್ದ ಹೊಳೆನರಸೀಪುರದ ಕೆಂಪಣ್ಣ ಅವನು. ಅರ್ಧ ಆಟ ಮುಗಿಯುವ ಮೊದಲೇ ಆ ಬೂಟು ಗಂಗಾಧರಯ್ಯನ ಮೊಣಕಾಲ ಕೆಳಗೆ ಬಿತ್ತು. ಮೂಳೆ ಮುರಿದ ಸದ್ದು ಮಾಳಿಗೆಯವರೆಗೂ ಕೇಳಿತು ಎಂದು ಅತ್ತೆ ಹೇಳುತ್ತಾರೆ. ಕೇಳಿರಲಾರದು. ಆದರೆ ಅವರಿಗೆ ಕೇಳಿದೆ.

ಕಟ್ಟು ಬಿಚ್ಚಿದಾಗ ಕಾಲು ಸೊಟ್ಟಗಿತ್ತು. ಗಂಗಾಧರಯ್ಯ ಮತ್ತೆ ಓಡಲಿಲ್ಲ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತ ಅತ್ತೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಕೆಂಪಣ್ಣನ ವಂಶದ ಒಂದು ಕಾಲು ಮುರಿಯುವವರೆಗೆ ತುಪ್ಪ ಬೇಡ ಅಂದರು. ನಾನು ಸೊಸೆಯಾಗಿ ಬಂದ ಮೇಲೂ ತುಪ್ಪದ ಗಿಣ್ಣಲು ಎಲ್ಲರ ಎಲೆಗೂ ಬಗ್ಗಿ, ಅವರ ಎಲೆಯನ್ನು ಮಾತ್ರ ದಾಟಿ ಹೋಗುತ್ತಿತ್ತು. ಹೊಸದರಲ್ಲಿ ತಿಳಿಯದೆ ನಾನೊಮ್ಮೆ ಬಡಿಸಲು ಹೋಗಿದ್ದೆ. ಅವರು ಬೈಯಲಿಲ್ಲ. ಎಲೆ ಮಡಿಚಿ ಎದ್ದುಬಿಟ್ಟರು.

ಆಮೇಲೆ ತಂಡವೂ ಕುಂಟಿತು. ವರ್ಷ ವರ್ಷ ಸೋತು, ಕೊನೆಗೆ ಆಡುವವರೇ ಇಲ್ಲದೆ ಮೈದಾನದಲ್ಲಿ ಕುರಿ ಮೇಯುತ್ತಿದ್ದವು. ಯುದ್ಧ ಮುಗಿದು ಸ್ವಾತಂತ್ರ್ಯ ಬಂದ ಮರುವರ್ಷ ಇದ್ದಕ್ಕಿದ್ದ ಹಾಗೆ ಅದಕ್ಕೆ ಜೀವ ಬಂತು. ತುಮಕೂರಿನವರನ್ನು ಸೋಲಿಸಿತು, ಚಿಕ್ಕಮಗಳೂರಿನವರನ್ನು ಅವರೂರಲ್ಲೇ ಸೋಲಿಸಿ ಬಂತು. ಬ್ಯಾಕಿನಲ್ಲಿ ಆಡುತ್ತಿದ್ದವನು ನನ್ನ ಮೈದುನ ಷಡಕ್ಷರಿ, ಅತ್ತೆಯ ಕಿರಿಯ ಮಗ. ಸಂಜೆಯಾದರೆ ಮಂಡಿಯ ಜಗಲಿಯ ಮೇಲೆ ಒಂದೇ ಮಾತು: ಆಗಿನ ತಂಡ ದೊಡ್ಡದೋ, ಈಗಿನದೋ. ಪಿಂಚಣಿ ತೆಗೆದುಕೊಳ್ಳುವ ನಂಜಪ್ಪನವರು ಆಗಿನ ಕಡೆ. ಬಸ್ಸಿನ ಏಜೆಂಟು ಬೈರಯ್ಯ ಈಗಿನ ಕಡೆ.

"ಈಗಿನ್ ಉಡುಗ್ರೂ ಗೆಲ್ತಾವೆ, ಇಲ್ಲ ಅನ್ನಾಕಿಲ್ಲ" ಅನ್ನುತ್ತಿದ್ದರು ನಂಜಪ್ಪನವರು. "ಆದ್ರೆ ನಮ್ ಗಂಗಣ್ಣ ಒಡ್ದ ಚೆಂಡು, ಬಲೆ ಇದ್ದಿದ್ರೆ ಬಲೆ ಅರ್ಕೊಂಡು ಓಗದು."

"ಬಲೇನೇ ಇರ್ಲಿಲ್ವಲ್ಲ ಸಾ ಆಗ. ಚೆಂಡು ಒಳಗ್ ಓಯ್ತೋ ಪಕ್ಕದಾಗ್ ಓಯ್ತೋ ಯಾವನ್ ಕಂಡ?"

"ನಾ ಕಂಡಿವ್ನಿ ಕಣಪ್ಪ, ಮಾಳಿಗೆ ಮ್ಯಾಲಿಂದ." ಒಳಬಾಗಿಲ ಹಿಂದಿನಿಂದ ಅತ್ತೆಯ ದನಿ. ಅವರು ಯಾವಾಗಲೂ ಅಲ್ಲೇ, ಬಾಗಿಲ ಮರೆಯಲ್ಲೇ ನಿಂತು ಕೇಳುವುದು. ಬಳೆಯ ಸದ್ದಾದರೆ ಜಗಲಿಯವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

"ನೋಡ್ರಪ್ಪ, ರೆಫರಿ ಊದ್ಬುಟ್ಲು" ಎಂದು ನಮ್ಮ ಮಾವ ನಗಿಸುತ್ತಿದ್ದರು.

ಆ ನಗು ನಿಂತದ್ದು ಕೊನೆಯ ಆಟ ಮತ್ತೆ ಮೈಸೂರಿನ ಅದೇ ಕಾಲೇಜಿನ ಮೇಲೆ, ಅದೂ ಹಾಸನದಲ್ಲೇ ಎಂದು ಗೊತ್ತಾದ ದಿನ. ಅವರ ಸೆಂಟರ್ ಫಾರ್ವರ್ಡ್ ಕೃಷ್ಣಪ್ಪ ಎಂಬ ಹುಡುಗ. ಕೆಂಪಣ್ಣನ ಮಗ. ಅವನನ್ನು ತಡೆಯಬೇಕಾದವನು ಷಡಕ್ಷರಿ. ಜಗಲಿಯಲ್ಲಿ ಯಾರೂ ಗೋಲಿನ ಮಾತಾಡಲಿಲ್ಲ. ಈ ಸಲ ಬಾಕಿ ತೀರಿಸಿಬಿಡಬೇಕು ಎಂದು ನಂಜಪ್ಪನವರು ಮೆಲ್ಲಗೆ ಅಂದರು. ಬೈರಯ್ಯನೂ ತಲೆಯಾಡಿಸಿದ. ಅಷ್ಟು ದಿನ ಜಗಳವಾಡಿದ ಎರಡು ತಂಡಗಳೂ ಅವತ್ತು ಒಂದಾದವು.

ಮರುದಿನ ಅತ್ತೆ ಮಗನಿಗೆ ಮಿಲಿಟರಿಯವರು ಬಿಟ್ಟ ಬೂಟು ಕೊಡಿಸಿದರು. ಅಡಿಗೆ ಹೊಸ ಮೊಳೆ ಹೊಡೆಸಿದರು. ನಮ್ಮ ತಂಡದಲ್ಲಿ ಇನ್ನೂ ಮುಕ್ಕಾಲು ಜನ ಬರಿಗಾಲಿನವರು. ಅದನ್ನು ಹಾಕಿಕೊಂಡು ಷಡಕ್ಷರಿ ಹಿತ್ತಲಿನ ಕಲ್ಲುಹಾಸಿನ ಮೇಲೆ ನಡೆದು ಅಭ್ಯಾಸ ಮಾಡುತ್ತಿದ್ದ. ಒಂದೊಂದು ಹೆಜ್ಜೆಗೂ ಮಗು ಬೆಚ್ಚಿ ಅಳುತ್ತಿತ್ತು. ಒಂದು ಸಂಜೆ ಮಗುವಿಗೆ ವಿಭೂತಿ ಹಚ್ಚಿಸೋಣವೆಂದು ನಾನು ದೇವರ ಕೋಣೆಯ ಬಾಗಿಲಿಗೆ ಹೋದೆ. ಅತ್ತೆ ತಮ್ಮ ಲಿಂಗದ ಕರಡಿಗೆಯ ಮೇಲೆ ಷಡಕ್ಷರಿಯ ಕೈ ಇರಿಸಿಕೊಂಡಿದ್ದರು.

"ಚೆಂಡು ಎಲ್ಲಾರ ಓಗ್ಲಿ. ಗೋಲು ಬಿದ್ರೂ ಬೀಳ್ಲಿ. ಆ ಉಡುಗ ಎದ್ದು ನಡ್ಕೊಂಡು ಓಗ್ಕೂಡ್ದು. ಅನ್ನು."

"ಆಯ್ತು ಕಣವ್ವ" ಅಂದ ಅವನು. ಹತ್ತೊಂಬತ್ತರ ಹುಡುಗ, ಮುಖ ಸುಣ್ಣದ ಹಾಗಿತ್ತು. ಅವತ್ತಿನಿಂದ ಊಟ ಸರಿಯಾಗಿ ಮಾಡಲಿಲ್ಲ.

ನಮ್ಮ ಯಜಮಾನರು ಕೊಬ್ಬರಿಯ ಕೆಲಸಕ್ಕೆ ತಿಪಟೂರಿಗೆ ಹೋಗಿದ್ದರು. ನಾನು ಮಾವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಇಷ್ಟು ವರ್ಸ ಒಂದು ಅನಿ ತುಪ್ಪ ಮುಟ್ದಿರೋಳ್ನ ನಾನು ಯಾವ್ ಬಾಯಲ್ಲಿ ತಡೀಲವ್ವ?" ಅಂದರು. ನಾನಾದರೆ ಯಾವ ಬಾಯಲ್ಲಿ ತಡೆಯಲಿ ಎಂದು ಅವರು ಯೋಚಿಸಲಿಲ್ಲ.

ಆಟದ ಹಿಂದಿನ ದಿನ ಬೆಳಿಗ್ಗೆ ಅರಕಲಗೂಡಿನಿಂದ ಗಂಗಾಧರಯ್ಯನವರೇ ಬಂದರು. ಅಲ್ಲಿ ಅವರದು ಬಟ್ಟೆ ಅಂಗಡಿ. ಬಸ್ಸಿನಿಂದ ಇಳಿದು ಕೋಲೂರಿಕೊಂಡು ಬರುವುದನ್ನು ಕಂಡು ನನಗೆ ಧೈರ್ಯ ಬಂತು. ನೋವು ತಿಂದವರೇ ಬೇಡ ಅಂದರೆ ಅತ್ತೆ ಕೇಳಿಯಾರು. ಹಿತ್ತಲಲ್ಲಿ ಅವರು ಕಾಲು ತೊಳೆಯುವಾಗ ನೀರು ಕೊಡುತ್ತ, ಅಕ್ಕನಿಗೆ ಒಂದು ಮಾತು ಹೇಳಿ ಎಂದು ಬೇಡಿಕೊಂಡೆ. ಅವರು ಸೊಟ್ಟ ಕಾಲನ್ನು ಕಲ್ಲಿನ ಮೇಲಿಟ್ಟು ನನಗೆ ತೋರಿಸಿದರು.

"ಇದ್ನ ಮುರ್ದಿದ್ದು ಕೆಂಪಣ್ಣನ ಬೂಟು, ಸುಳ್ಳಲ್ಲ. ಸೊಟ್ಟ ಮಾಡಿದ್ದು ಬೂಟಲ್ಲ ಕಣಮ್ಮ" ಅಂದರು.

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ಆಗ ಮೂಳೆ ಕಟ್ಟುವುದಕ್ಕೆ ದುದ್ದದ ಕಡೆಯಿಂದ ಚಲುವಯ್ಯ ಎಂಬ ನಾಟಿ ವೈದ್ಯನನ್ನು ಕರೆಸಿದ್ದರು. ಅವನು ಮೂಳೆ ಕೂಡಿಸಿ, ಬಿದಿರು ದಬ್ಬೆ ಇಟ್ಟು, ಉದ್ದಿನ ಹಿಟ್ಟು ಕಲಸಲು ಕೋಳಿಮೊಟ್ಟೆಯ ಬಿಳಿ ಕೇಳಿದ. ಅದಿಲ್ಲದೆ ಕಟ್ಟು ಬಿಗಿಯುವುದಿಲ್ಲ ಅಂದ. ಲಿಂಗ ಕಟ್ಟಿದವರ ಮನೆ. ಮೊಟ್ಟೆ ಹೊಸಿಲು ದಾಟಿದರೆ ನಾನು ಬಾವಿಗೆ ಬೀಳುತ್ತೇನೆ ಎಂದು ಅಕ್ಕ ಅಡ್ಡ ನಿಂತಳು. ಹುಡುಗನನ್ನು ನಮ್ಮ ಮನೆಗೇ ಕಳಿಸಿ, ಅಲ್ಲಿ ಕಟ್ಟುತ್ತೇನೆ ಅಂದ ಚಲುವಯ್ಯ. ಮಾಂಸ ಬೇಯಿಸುವ ಮನೆಯಲ್ಲಿ ನನ್ನ ತಮ್ಮ ಮಲಗುವುದಿಲ್ಲ ಅಂದಳು. ಕೊನೆಗೆ ಬರೀ ಉದ್ದಿನ ಹಿಟ್ಟು, ಬೆಲ್ಲದ ಪಾಕ ಹಾಕಿ ಕಟ್ಟಿಸಿದರು. ಅದಕ್ಕೆ ಇರುವೆ ಹತ್ತಿತು, ಕಟ್ಟು ಸಡಿಲವಾಯಿತು, ಮೂಳೆ ಜಾರಿತು. ಕಟ್ಟು ಹಾಕಿದ ಮಾರನೆಯ ದಿನವೇ, ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತೇನೆಂದು ಕೆಂಪಣ್ಣ ಬಾಡಿಗೆ ಮೋಟಾರು ಮಾಡಿಕೊಂಡು ಬಂದಿದ್ದನಂತೆ. ಅವನನ್ನೂ ಅಕ್ಕ ಬೀದಿಯಿಂದಲೇ ಓಡಿಸಿದಳು.

"ಹಾಗಾದರೆ ಇದನ್ನೇ ಹೇಳಿ ಅತ್ತೆಗೆ" ಅಂದೆ.

"ಏಳಾಕಿಲ್ಲ. ನಾನೂ ಸಾಧು ಅಲ್ಲಮ್ಮ. ಮೋಟಾರು ತಂದ ಮಾತ್ರಕ್ಕೆ ಬೂಟು ಮರ್ತೋಯ್ತದಾ? ನಾಳೆ ಮಾಳಿಗೆ ಮ್ಯಾಲೆ ಅಕ್ಕನ ಪಕ್ಕದಲ್ಲಿ ನಿಂತ್ಕೊಂಡು ನೋಡನ ಅಂತ್ಲೇ ಬಂದಿವ್ನಿ."

ಕೈಯಲ್ಲಿದ್ದ ಚೊಂಬು ಕೆಳಗಿಟ್ಟೆ. ಈ ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ.

ಒಳಗೆ ಬಚ್ಚಲಲ್ಲಿ ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ನನ್ನ ಮುಖ ನೋಡಿದವರೇ, "ಮೊಟ್ಟೆ ಇಸ್ಯ ಏಳ್ದನಾ?" ಅಂದರು.

ಅವರಿಗೆ ಗೊತ್ತಿಲ್ಲವೆಂದುಕೊಂಡೇ ಗಂಗಾಧರಯ್ಯನವರು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲವೇನೋ.

"ನಂಗೊತ್ತಿಲ್ವಾ? ಕಟ್ಟು ಬಿಚ್ಚಿದಾಗ ಚಲುವಯ್ಯ ನನ್ನ ಮಕನೇ ನೋಡ್ತಿದ್ದ." ಅವರ ಹೆಬ್ಬೆರಳು ಮಗುವಿನ ಮೊಣಕಾಲ ಕೆಳಗೆ, ಅದೇ ಜಾಗದಲ್ಲಿ, ನಿಧಾನವಾಗಿ ಸುತ್ತುತ್ತಿತ್ತು. "ನನ್ ತಪ್ಪಿಗೆ ನಾನು ತುಪ್ಪ ಬುಟ್ಟೆ. ಅವನ್ ತಪ್ಪಿಗೆ ಅವ್ನು ಏನ್ ಬುಟ್ಟ? ಅವನ ಮಗ ಕಾಲು ಬುಡ್ಲಿ."

"ಆ ಹುಡುಗ ಆಗ ತೊಟ್ಟಿಲ ಕೂಸು, ಅತ್ತೆ" ಅಂದೆ.

"ಇವ್ನೂ ಈಗ ಕೂಸೇಯ" ಎಂದು ಅತ್ತೆ ನನ್ನ ಮಗನ ಎರಡೂ ಹಿಮ್ಮಡಿ ಹಿಡಿದು ಗಾಳಿಯಲ್ಲಿ ಒದೆಸಿದರು. ಮಗು ಕಿಲಕಿಲ ನಕ್ಕಿತು. "ಷಡಕ್ಷರಿ ಕೈಲಾಗ್ದಿದ್ರೆ ಇವ್ನವ್ನೆ. ನಂಗೇನೂ ಅವಸರ ಇಲ್ಲ. ತುಪ್ಪ ಇಲ್ದಿದ್ರೂ ನಾ ಬದುಕ್ತೀನಿ."

ಅವರು ಅದನ್ನು ಕೋಪದಿಂದ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಪ್ರೀತಿಯಿಂದ ಹೇಳಿದರು.

ಮಧ್ಯಾಹ್ನ ಊಟವಾಯಿತು. ತುಪ್ಪದ ಗಿಣ್ಣಲು ಎಂದಿನ ಹಾಗೆ ಅವರ ಎಲೆ ದಾಟಿತು. ಮಾವ ಜಗಲಿಯ ಮೇಲೆ ಮಲಗಿದರು, ಗುಮಾಸ್ತ ಊಟಕ್ಕೆ ಹೋದ. ಮಂಡಿಯ ಗೋಡೆಗೆ ಟೆಲಿಫೋನು ಹಾಕಿಸಿ ವರ್ಷವಾಗಿತ್ತು. ಮನೆಯ ಹೆಂಗಸರು ಅದನ್ನು ಮುಟ್ಟುವ ರೂಢಿಯಿರಲಿಲ್ಲ. ಮಗುವನ್ನು ಸೊಂಟಕ್ಕೇರಿಸಿ ಅದರ ಮುಂದೆ ನಿಂತೆ. ಗಂಡನಿಗೆ ತಿಳಿದರೆ ಏನನ್ನುತ್ತಾರೋ, ತವರಿಗೆ ಕಳಿಸಿಬಿಡುತ್ತಾರೋ, ಕಳಿಸಿದರೆ ಮಗುವನ್ನು ಕೊಡುತ್ತಾರೋ ಇಲ್ಲವೋ. ಎಲ್ಲ ಒಂದೇ ಸಲ ತಲೆಗೆ ನುಗ್ಗಿತು. ಹೇಳದೆ ಸುಮ್ಮನಿದ್ದರೆ ನಾಳೆ ಸಂಜೆ ಒಂದು ಮನೆಯಲ್ಲಿ ಇನ್ನೊಬ್ಬ ತಾಯಿ ತುಪ್ಪ ಬಿಡುತ್ತಾಳೆ. ಅವಳ ಹಗೆ ಬೆಳೆಯುವ ಹೊತ್ತಿಗೆ ನನ್ನ ಮಗನೂ ಬೆಳೆದಿರುತ್ತಾನೆ.

ಹಿಡಿ ತಿರುಗಿಸಿದೆ. ಹೊಳೆನರಸೀಪುರ, ಕೆಂಪಣ್ಣನವರ ಗಿರಣಿ ಅಂದೆ. ಎಕ್ಸ್‌ಚೇಂಜಿನವನು ಎರಡು ಸಲ ಕೇಳಿಸಿಕೊಂಡು ಕಾಯಲು ಹೇಳಿದ. ಕೊನೆಗೆ ಗಿರಣಿಯ ಗಡಗಡ ಸದ್ದು, ಅದರ ಮೇಲೆ ಒಬ್ಬ ಗಂಡಸಿನ ದನಿ.

"ಕೆಂಪಣ್ಣ ಮಾತಾಡದು. ಯಾರು?"

ಹೆಸರು ಹೇಳಬಾರದೆಂದು ತೀರ್ಮಾನಿಸಿಕೊಂಡಿದ್ದೆ. ಹೆಸರಿಲ್ಲದ ಹೆಂಗಸಿನ ಮಾತನ್ನು ಯಾರು ನಂಬುತ್ತಾರೆ?

"ಹಾಸನದ ಕೊಬ್ಬರಿ ಮಂಡಿ ದೊಡ್ಡಯ್ಯನವರ ಸೊಸೆ, ಪ್ರೇಮಕುಮಾರಿ."

ಆ ಕಡೆ ಯಾರಿಗೋ ಗಿರಣಿ ನಿಲ್ಲಿಸಲು ಕೂಗಿದ್ದು ಕೇಳಿತು. ಸದ್ದು ಇಳಿಯಿತು. "ಗಂಗಣ್ಣನ ಅಕ್ಕನ ಮನೆಯೋರಾ?" ಅಂದ. ದನಿ ಸಣ್ಣಗಾಗಿತ್ತು.

ಆಗಲೇ ನನ್ನ ಹಿಂದೆ, ಒಳಬಾಗಿಲ ಮರೆಯಲ್ಲಿ, ಬಳೆ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ. ಮಗುವಿನ ಎರಡು ಪಾದಗಳನ್ನೂ ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಹಿಂದೆ ನಿಂತವರಿಗೂ ಕೇಳಲಿ ಎಂದು ದನಿ ಎತ್ತಿ ಹೇಳಿದೆ:

"ಹೌದು, ಅದೇ ಮನೆ. ನಾಳೆ ನಿಮ್ಮ ಮಗನನ್ನು ಆಟಕ್ಕೆ ಇಳಿಸಬೇಡಿ. ಇಲ್ಲಿ ಅವನ ಕಾಲಿಗೆ ಬೂಟು ತಯಾರಾಗಿದೆ."