ಎರಡು ಸ್ಟೂಲಿಗೆ ಕಟ್ಟಿದ ಬ್ಯಾನರು

ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದ ನನ್ನನ್ನು ತೈವಾನಿನ ಚಿಯಾಯಿ ಊರಿನ ಒಂದು ಹೈಸ್ಕೂಲಿನವರು ಪ್ರತಿ ಏಪ್ರಿಲ್‌ನಲ್ಲಿ ಅಣಕು ಸಂದರ್ಶನಕ್ಕೆ ಕರೆಯುತ್ತಾರೆ. ವಿಶ್ವವಿದ್ಯಾಲಯಗಳ ನಿಜವಾದ ಸಂದರ್ಶನ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಮಕ್ಕಳು ನನ್ನೆದುರು ಕೂತು ಒಮ್ಮೆ ಬೆವರಲಿ ಎಂದು. ವೆನ್ ಯಾ-ಚುನ್‌ಳನ್ನು ನಾನು ಮೊದಲು ಕಂಡದ್ದು ಅಲ್ಲಿಯೇ.

ಅವಳಿಗೆ ಬೇಕಿದ್ದದ್ದು ತೈಪೆಯ ಒಂದು ವಿಶ್ವವಿದ್ಯಾಲಯದ ವ್ಯಾಪಾರ ಆಡಳಿತ ವಿಭಾಗ. ಅಲ್ಲಿ ನೂರು ಮಂದಿಯಲ್ಲಿ ಆರು ಮಂದಿಗೆ ಸೀಟು. ಅಂಕಗಳು ಅವಳಿಗಿದ್ದವು, ಆದರೆ ಅಲ್ಲಿಗೆ ಬರುವ ಎಲ್ಲರಿಗೂ ಅಂಕಗಳಿರುತ್ತವೆ. ತೀರ್ಮಾನವಾಗುವುದು ಮೂರು ವರ್ಷ ಏನೇನು ಮಾಡಿದರೆಂದು ಮಕ್ಕಳು ಕೊಡುವ ಕಡತದ ಮೇಲೆ.

ತಂದೆ ವಿಯೆಟ್ನಾಮಿನ ಶೂ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ತಾಯಿ, ತಮ್ಮ ಅಲ್ಲಿಗೇ ಹೋಗಿದ್ದರು. ಓದು ಕೆಡಬಾರದೆಂದು ಇವಳೊಬ್ಬಳನ್ನು ಮಹಡಿಯ ಬಾಡಿಗೆ ಕೋಣೆಯಲ್ಲಿ ಬಿಟ್ಟಿದ್ದರು. ಮೂರು ವರ್ಷದಿಂದ ಮೂಲೆಯಂಗಡಿಯ ಡಬ್ಬಿಯೂಟ. ನಾನು ಕೇಳಿದ್ದಕ್ಕೆ ಇದನ್ನು ಹೇಳಿದಳು, ದೂರುವ ಧಾಟಿಯಲ್ಲಿ ಅಲ್ಲ.

ಕಡತದಲ್ಲಿ 'ಸಣ್ಣ ವ್ಯಾಪಾರ ಅಧ್ಯಯನ ಕೂಟ, ಸ್ಥಾಪಕಿ' ಎಂದಿತ್ತು. ಪಕ್ಕದಲ್ಲಿ ಕೆಂಪು ಬ್ಯಾನರಿನ ಹಿಂದೆ ಸಾಲಾಗಿ ನಿಂತ ಹನ್ನೊಂದು ಹುಡುಗಿಯರ ಫೋಟೊ. ನಮ್ಮಲ್ಲಿ ಬ್ಯಾನರಿನ ಹಿಂದೆ ನಿಂತು ಫೋಟೊ ತೆಗೆಸಿಕೊಳ್ಳದ ಹೊರತು ಏನು ನಡೆದರೂ ನಡೆದಂತಲ್ಲ. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎಲ್ಲರ ಕೈಯಲ್ಲೂ ಬಿಳಿ ಕೈಗವಸು.

"ವ್ಯಾಪಾರ ಅಧ್ಯಯನಕ್ಕೆ ಕೈಗವಸು ಯಾಕಮ್ಮ?"

ಅವಳು ತಲೆ ತಗ್ಗಿಸಿದಳು. "ಅವರು ಸ್ಕೂಲ್ ಬ್ಯಾಂಡಿನವರು, ಟೀಚರ್. ಒಂದು ನಿಮಿಷ ನಿಂತ್ಕೊಳ್ಳಿ ಅಂದೆ. ಎಲ್ಲರಿಗೂ ಒಂದೊಂದು ಹಾಲಿನ ಚಹಾ ಕೊಡಿಸ್ದೆ."

"ನಿನ್ನ ಕೂಟದವರೆಲ್ಲಿ?"

"ಆರು ಜನ ಇದ್ರು. ಸರ್ಟಿಫಿಕೇಟ್ ಸಿಕ್ಕಿದ್ಮೇಲೆ ಬರೋದು ಬಿಟ್ರು."

"ನೀನು?"

"ನಾನು ಹೋಗ್ತಾನೇ ಇದ್ದೆ. ಪ್ರತಿ ಶನಿವಾರ."

ಹೋಗುತ್ತಿದ್ದದ್ದು ಮಾರುಕಟ್ಟೆಯ ಒಂದು ತರಕಾರಿ ಅಂಗಡಿಗೆ. ತರಕಾರಿ ಕೊಂಡವರಿಗೆ ಒಂದು ಹಿಡಿ ಈರುಳ್ಳಿ ಸೊಪ್ಪು ಪುಕ್ಕಟೆ. ಅದು ಎಲ್ಲ ಕಡೆಯೂ ಇದ್ದದ್ದೇ. ಚಂಡಮಾರುತ ಬಡಿದು ಸೊಪ್ಪು ಬಂಗಾರವಾದಾಗ ಆ ಅಂಗಡಿಯಾಕೆ ಅದನ್ನು ಹಲಗೆಯ ಕೆಳಗಿಟ್ಟು ಕೆಲವರಿಗೆ ಮಾತ್ರ ಕೊಟ್ಟಳಂತೆ. ಯಾರಿಗೆ ಎಂದು ಯಾ-ಚುನ್ ಬರೆದಿಟ್ಟಿದ್ದಳು. ಹೆಚ್ಚು ಕೊಳ್ಳುವವರಿಗಲ್ಲ, ಮಳೆಯ ದಿನವೂ ತಪ್ಪದೆ ಬರುತ್ತಿದ್ದವರಿಗೆ. ಆ ಹದಿನಾಲ್ಕು ಪುಟಗಳು ಕಡತದ ಕೊನೆಯಲ್ಲಿ, ಸರ್ಟಿಫಿಕೇಟುಗಳ ಹಿಂದೆ ಸೇರಿಹೋಗಿದ್ದವು. ನನ್ನ ಕೈಯಲ್ಲಿ ಓದಿದ ಎಷ್ಟೋ ಪದವೀಧರರು ಇಷ್ಟನ್ನು ಕಂಡವರಲ್ಲ.

"ಅಂಗಡೀಲಿ ತೆಗೆದ ಫೋಟೊ ಇಲ್ವಾ?"

ಮೊಬೈಲಿನಲ್ಲಿ ತೋರಿಸಿದಳು. ಎರಡು ಪ್ಲಾಸ್ಟಿಕ್ ಸ್ಟೂಲುಗಳಿಗೆ ಕಟ್ಟಿದ ಬ್ಯಾನರು, ಹಿಂದೆ ಅವಳೊಬ್ಬಳು. ಮೂಲೆಯಲ್ಲಿ ತೆಗೆದವರ ಹೆಬ್ಬೆರಳು.

"ತರಕಾರಿ ಚಿಕ್ಕಮ್ಮ ತೆಗೆದಿದ್ದು. 'ನಗೇ ಹುಡುಗಿ, ಹೆಣ ಕಾಯೋಳ ಥರ ನಿಂತಿದೀಯಲ್ಲ!' ಅಂತ ಬೈದ್ರು."

"ಇದನ್ನ ಹಾಕು. ಆ ಕೈಗವಸಿನವರನ್ನ ತೆಗಿ."

"ಇದರಲ್ಲಿ ಯಾರೂ ಇಲ್ವಲ್ಲ ಟೀಚರ್. ನಾಯಕತ್ವ ಇಲ್ಲ ಅಂತ ಬಿಟ್ಟುಬಿಡ್ತಾರೆ."

"ಬಿಡಬಹುದು. ಆ ಹನ್ನೊಂದು ಜನದಲ್ಲಿ ಒಬ್ಬಳ ಹೆಸರು ಕೇಳಿದ್ರೆ ಏನ್ ಹೇಳ್ತೀಯ?"

ಅವಳು ಕಡತ ಎತ್ತಿಕೊಂಡು ಹೋಗಿ ಫೋಟೊ ಬದಲಾಯಿಸಿದಳು.

ಸಂದರ್ಶನ ಮುಗಿಸಿ ತೈಪೆಯ ರೈಲು ನಿಲ್ದಾಣದಿಂದ ನನಗೆ ಫೋನ್ ಮಾಡಿದಳು. ಸ್ಟೂಲುಗಳನ್ನು ನೋಡಿ ಒಬ್ಬ ಪ್ರಾಧ್ಯಾಪಕರು ನಕ್ಕರಂತೆ. ಇನ್ನೊಬ್ಬರು, ಉಳಿದವರು ಯಾಕೆ ಬಿಟ್ಟರೆಂದು ಕೇಳಿದರಂತೆ.

"ನಾನು ಅವರನ್ನ ಇರಿ ಅಂತ ಕೇಳಲೇ ಇಲ್ಲ ಅಂದೆ, ಟೀಚರ್. ಕೇಳ್ಬಹುದು ಅಂತ ಹೊಳೆದೇ ಇರ್ಲಿಲ್ಲ. ಅಲ್ಲಿ ಕೂತಾಗ ಗೊತ್ತಾಯ್ತು."

ಕಾಯುವ ಪಟ್ಟಿಯಲ್ಲಿ ನಾಲ್ಕನೆಯವಳಾದಳು. ಜೂನ್‌ನಲ್ಲಿ ಸೀಟು ಸಿಕ್ಕಿತು. ನಿಜ ಹೇಳಿದ್ದಕ್ಕೆ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಮುಂದಿದ್ದವರು ಬೇರೆ ಕಡೆ ಹೋದದ್ದರಿಂದ ಸಿಕ್ಕಿತು.

ಸುದ್ದಿ ಬಂದ ದಿನ ಮಧ್ಯಾಹ್ನ ನನ್ನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಈರುಳ್ಳಿ ಸೊಪ್ಪಿನ ದೊಡ್ಡ ಕಟ್ಟು.

"ಚಿಕ್ಕಮ್ಮಂಗೆ ಸುದ್ದಿ ಹೇಳೋಕೆ ಹೋಗಿದ್ದೆ. ಏನೂ ಕೊಂಡಿರ್ಲಿಲ್ಲ, ಆದ್ರೂ ಕೈಗೆ ತುರುಕಿದ್ರು. ನಿಮಗೆ ಅಂತ ತಂದೆ."

ನಾನು ವ್ರತದವಳು, ಈರುಳ್ಳಿ ಮುಟ್ಟುವುದಿಲ್ಲ. "ನಾನು ತಿನ್ನಲ್ಲ. ನೀನೇ ಮಾಡ್ಕೊ."

"ನನ್ನ ಕೋಣೇಲಿ ಒಲೆ ಇಲ್ಲ."

"ಮನೇಗೆ ಫೋನ್ ಮಾಡಿದ್ಯಾ?"

"ಅಪ್ಪಂಗೆ ಪಾಳಿ ಇದೆ. ಅಮ್ಮ ತಮ್ಮನ್ನ ಟ್ಯೂಷನ್‌ಗೆ ಕರ್ಕೊಂಡು ಹೋಗಿರ್ತಾರೆ. ಸಂಜೆ ಮಾಡ್ತೀನಿ."

"ನಿನ್ನ ಕೆಳಗಿನ ಮನೆಯವರ ಹತ್ರ ಒಲೆ ಇದೆ ತಾನೆ? ಹೋಗಿ ಕೇಳು."

ಅವಳು ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಅವರ ಹೆಸರೇ ಗೊತ್ತಿಲ್ಲ, ಟೀಚರ್."

"ಅದನ್ನೂ ಕೇಳು," ಎಂದು ಬಾಗಿಲು ಹಾಕಿಕೊಂಡೆ.